ಮಿಷನ್ ಸೊಣ್ಣಮ್ಮ ಸಂಜೆ ಹೇಳುವ ಮಾತು

ಸೊಣ್ಣಮ್ಮ ಹಿಟ್ಟಿನ ಮಿಷನ್ನಿನ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ, ಒಳಮಗ್ಗಲು ಹೊರಗೆ ಮಾಡಿ, ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ಅಂಟಿಕೊಂಡಿದ್ದ ರಾಗಿ ಹಿಟ್ಟು ಕಾಲ ಮೇಲೆ ಉದುರುತ್ತಿತ್ತು. ಆ ಬಟ್ಟೆಯನ್ನು ಬೆಳಿಗ್ಗೆಯೇ ಒಂದು ಸಲ ತಿಕ್ಕಿ ಆಗಿತ್ತು. ಕರೆಂಟಿಲ್ಲದೆ ಕೈಗೆ ಬೇರೆ ಕೆಲಸವಿರಲಿಲ್ಲ, ಅದಕ್ಕೇ ಎರಡನೇ ಸಲ. ಮೆಟ್ಟಿಲ ಮೇಲೆ ಪೆದ್ದಮ್ಮ ಕೂತಿದ್ದಳು, ಪಕ್ಕದಲ್ಲಿ ಅವಳ ರಾಗಿ ಗಂಟು. ಕರೆಂಟು ನಾಲ್ಕಕ್ಕೇ ಎಂದು ಸೊಣ್ಣಮ್ಮ ಹೇಳಿದ್ದಳು, ಆದರೂ ನಡೆದ ಸುಸ್ತು ಆರಲಿ ಎಂದು ಪೆದ್ದಮ್ಮ ಎದ್ದಿರಲಿಲ್ಲ. ಆಗಾಗ ಗೋಡೆಯ ಮೇಲಿನ ಬಲ್ಬನ್ನು ನೋಡುತ್ತಿದ್ದಳು.

ಕಾಮಸಮುದ್ರದ ಬಸ್ ಸ್ಟಾಪಿನ ಹಿಂದೆ ಇರುವ ಆ ಹಿಟ್ಟಿನ ಮಿಷನ್ನು ಸೊಣ್ಣಮ್ಮ, ಕದಿರಪ್ಪ ಗಂಡ ಹೆಂಡಿರದು. ಸುತ್ತಲಿನ ಹಳ್ಳಿಯ ಹೆಂಗಸರು ರಾಗಿ ಹೊತ್ತು ಅಲ್ಲಿಗೆ ಬರುತ್ತಾರೆ. ಪೆದ್ದಮ್ಮನ ಊರಿನಿಂದ ಎರಡು ಮೈಲಿ ನಡಿಗೆ. ಅವಳಿಗೆ ಎಪ್ಪತ್ತು ಮುಟ್ಟುತ್ತಾ ಬಂದಿದೆ.

ಹನ್ನೊಂದು ದಾಟಿತು. ಪೆದ್ದಮ್ಮ ಸಿಂಬೆ ಸುತ್ತಿ ತಲೆಗಿಟ್ಟುಕೊಂಡಳು. "ಎತ್ತು," ಅಂದಳು.

ಸೊಣ್ಣಮ್ಮ ಗಂಟನ್ನು ಎತ್ತಿ ತಲೆಯ ಮೇಲಿಟ್ಟಳು. "ನಾಳೆ ಬಾ ಪೆದ್ದಕ್ಕ. ನಾಳೆ ಇರತ್ತೆ."

"ಮೊನ್ನೇನೂ ನಾಳೆ ಬಾ ಅಂದೆ ಕಣಮ್ಮಿ. ನಿಂದು ಬರೀ ಮಾತು, ನಡೆಯೋದು ನನ್ನ ಮೊಣಕಾಲು. ಇನ್ನೊಂದು ಸಲ ಇಂಗಾದ್ರೆ ನಾನು ಬರಲ್ಲ. ಅಂಗಡಿ ಹಿಟ್ಟಿನ ಪಾಕೀಟೇ ತಂದ್ಕಂತೀವಿ. ನಮ್ಮ ಬೀದಿಯೋರೆಲ್ಲ ಅದನ್ನೇ ಅಂತಾವ್ರೆ."

ಸಿಟ್ಟಿನಿಂದ ಹೇಳಿದ್ದರೆ ಸೊಣ್ಣಮ್ಮನೂ ಜಗಳವಾಡುತ್ತಿದ್ದಳು. ಪೆದ್ದಮ್ಮ ಸುಸ್ತಿನಿಂದ ಹೇಳಿದ್ದಳು. ಪೆದ್ದಮ್ಮನ ಬೀದಿಯ ಹೆಂಗಸರು ಒಟ್ಟಿಗೆ ಬರುವವರು, ಬಿಟ್ಟರೆ ಒಟ್ಟಿಗೇ ಬಿಡುತ್ತಾರೆ. ಆಮೇಲೆ ಕರೆಂಟಿದ್ದರೂ ಮಿಷನ್ನಿಗೆ ಹಾಕಲು ರಾಗಿ ಇರುವುದಿಲ್ಲ.

ಅಷ್ಟರಲ್ಲಿ ರಾಬರ್ಟ್‌ಸನ್‌ಪೇಟೆ ಬಸ್ಸಿನಿಂದ ಸೆಲ್ವಿ ಇಳಿದಳು, ಕಂಕುಳಲ್ಲಿ ಒಣಮೆಣಸಿನಕಾಯಿ ಮೂಟೆ. ಸೆಲ್ವಿ ಉರಿಗಾಂನವಳು, ಮನೆಮಾತು ತಮಿಳು. ಮನೆಯಲ್ಲೇ ಸಾಂಬಾರ್ ಪುಡಿ ಮಾಡಿ ಮಾರುತ್ತಾಳೆ. ಪೇಟೆಯ ಮಿಷನ್ನಿನಲ್ಲಿ ಮೆಣಸಿನಕಾಯಿ ಕಾದು ಬಣ್ಣ ಕೆಡುತ್ತದೆ ಎಂದು ಇಷ್ಟು ದೂರ ಬರುತ್ತಾಳೆ.

"ಎನ್ನಕ್ಕಾ, ಇವತ್ತೂ ಇಲ್ವಾ?" ಅಂದಳು. ಮೂಟೆಯನ್ನು ಇಳಿಸಿ ಅದರ ಮೇಲೇ ಕೂತಳು.

"ಲೈನ್ ಕೆಲಸ ಅಂತೆ. ನಾಲ್ಕು ಗಂಟೆವರೆಗೂ ಬರಲ್ಲ."

"ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನೆ ಸಾಯಂಕಾಲಾನೇ. ಲೈನ್‌ಮನ್ ನಮ್ಮ ಯಜಮಾನ್ರಿಗೆ ಯೋಳಿದ್ನಂತೆ."

ಸೆಲ್ವಿ ದೂರ ಹೋಗುತ್ತಿದ್ದ ಪೆದ್ದಮ್ಮನ ಕಡೆ ಕೈ ತೋರಿಸಿದಳು. "ನಿನ್ನೇನೇ ಗೊತ್ತು. ಆದ್ರೂ ಆ ಅಜ್ಜಿ ಬಂದ್ಲು, ನಾನೂ ಬಂದೆ. ಕೈಲಿ ಫೋನಿಲ್ವಾ ಅಕ್ಕಾ?"

"ಐತೆ. ಗಿರಾಕಿಗಳ ಗ್ರೂಪೂ ಐತೆ. ನಮ್ಮ ಮಗಳು ನವ್ಯಶ್ರೀ ಮದ್ವೆಗೆ ಮುಂಚೆ ಮಾಡಿಕೊಟ್ಟಿದ್ಲು."

"ಆ ಗ್ರೂಪಲ್ಲಿ ನಾನೂ ಇದೀನಿ. ದಿನಾ ಬೆಳಿಗ್ಗೆ ಮೂವತ್ತು ಗುಲಾಬಿ ಹೂವು, ಹತ್ತು ದೇವರು. ಸಾಲ ಕೊಡ್ತೀನಿ ಅಂತ ಯಾವನೋ ಒಬ್ಬ. ಮಿಷನ್ ಓಡತ್ತಾ ಇಲ್ವಾ ಅನ್ನೋದೊಂದು ಬಿಟ್ಟು ಎಲ್ಲಾ ಇದೆ. ಸದ್ದು ಮಾಡ್ಬಾರ್ದು ಅಂತ ಅದರ ಬಾಯಿ ಮುಚ್ಚಿಟ್ಟಿದೀನಿ."

ಒಳಗಿಂದ ಕದಿರಪ್ಪ ಕೆಮ್ಮಿದ. "ಫೋನ್ ಇಡ್ಕಂಡು ಕುಂತ್ರೆ ರಾಗಿ ತಾನೇ ಬೀಸ್ಕಂತದಾ? ಬರೋರು ಬತ್ತಾರೆ ಬಿಡು."

"ಬರೋರು ವಾಪಸ್ ಓಗ್ತಾವ್ರೆ, ನೋಡಿದ್ಯಾ?" ಅಂದಳು ಸೊಣ್ಣಮ್ಮ. ಆಮೇಲೆ ಸೆಲ್ವಿಯ ಕಡೆ ತಿರುಗಿ, "ಅಲ್ಲ ಕಣೇ, ನಮ್ಮೋರಿಗೆ ಓದಾಕೆ ಬರಲ್ಲ. ನಂಗೇ ಸರಿಯಾಗಿ ಬರಲ್ಲ," ಅಂದಳು.

"ಓದೋದು ಯಾಕೆ? ಮಾತಾಡು. ಮೈಕಿನ ಗುರುತು ಒತ್ತಿ ಹಿಡಿ, ಹೇಳು, ಬಿಡು. ನಾನೂ ಹಂಗೇ ಮಾಡೋದು. ಪುಡಿ ರೆಡಿ ಆದ್ರೆ ಹೇಳ್ತೀನಿ, ಆಗದಿದ್ರೂ ಹೇಳ್ತೀನಿ. ಖಾರ ಜಾಸ್ತಿ ಅಂತ ಯಾರಾದ್ರೂ ಬೈದ್ರೆ ಅವರಿಗೂ ಉತ್ತರ ಕೊಡ್ತೀನಿ. ಬೈದೋರು ಬಿಟ್ಟು ಹೋಗಲ್ಲಕ್ಕಾ. ಉತ್ತರ ಸಿಗದೋರು ಹೋಗ್ತಾರೆ."

ಬಸ್ಸಿಗೆ ಕಾಯುತ್ತಲೇ ಸೆಲ್ವಿ ಸೊಣ್ಣಮ್ಮನ ಫೋನಿನಲ್ಲಿ ಗ್ರೂಪಿನ ಬದಲು ಬೇರೆ ಒಂದು ಪಟ್ಟಿ ಮಾಡಿಕೊಟ್ಟಳು. ಅದರಲ್ಲಿ ಸೊಣ್ಣಮ್ಮ ಒಂದು ಸಲ ಮಾತಾಡಿದರೆ ಸಾಕು, ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಹೋಗುತ್ತದೆ. ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಹೂವು, ದೇವರು, ಸಾಲದವನು ಯಾರೂ ನುಗ್ಗುವುದಿಲ್ಲ.

"ಆದ್ರೆ ಒಂದು," ಅಂದಳು ಸೆಲ್ವಿ. "ಸೇರಿಸ್ಕೊಳ್ಳಕ್ಕೆ ಮುಂಚೆ ಅವರನ್ನ ಕೇಳು. ನಿನ್ನ ನಂಬರು ಅವರ ಫೋನಲ್ಲಿ ಹೆಸರು ಹಾಕಿ ಇಟ್ಕೊಂಡಿರಬೇಕು, ಇಲ್ಲಾಂದ್ರೆ ತಲುಪಲ್ಲ."

ಸೊಣ್ಣಮ್ಮ ಎರಡು ದಿನ ಅದನ್ನೇ ಮಾಡಿದಳು. ಹಿಟ್ಟು ಕೊಡುವಾಗ ಒಬ್ಬೊಬ್ಬರನ್ನೂ ಕೇಳಿದಳು. ಪೆದ್ದಮ್ಮ ಬಂದಿರಲಿಲ್ಲ. ಅವಳ ಮನೆಗೆ ಕದಿರಪ್ಪ ರಾತ್ರಿ ಸೈಕಲ್ಲಿನಲ್ಲಿ ಹೋಗಿ, ಮೊಮ್ಮಗ ಮುನೀಂದ್ರನ ಫೋನಿನಲ್ಲಿ ನಂಬರು ಹಾಕಿಸಿ ಬಂದ. ಗೊಣಗಿಕೊಂಡೇ ಹೋಗಿದ್ದ, ಆದರೂ ಹೋಗಿದ್ದ.

ಮೂರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಕರೆಂಟು ಹೋಯಿತು. ಸೊಣ್ಣಮ್ಮ ತಡಮಾಡಲಿಲ್ಲ. ಮೈಕಿನ ಗುರುತು ಒತ್ತಿ, ಗಂಟಲು ಸರಿಮಾಡಿಕೊಂಡು, ಈಗ ಯಾರೂ ಬರಬೇಡಿ ಎಂದು ಹೇಳಿದಳು. ನೆಮ್ಮದಿಯಾಯಿತು. ಮಿಷನ್ನಿನ ಬಟ್ಟೆ ಬಿಚ್ಚಿ ತಿಕ್ಕಲು ಕೂತಳು.

ಹತ್ತು ಗಂಟೆಗೆ ಮೆಟ್ಟಿಲ ಬಳಿ ಪೆದ್ದಮ್ಮ ನಿಂತಿದ್ದಳು. ತಲೆಯ ಮೇಲೆ ಗಂಟು. ಕುತ್ತಿಗೆಯ ನರ ಉಬ್ಬಿತ್ತು.

ಸೊಣ್ಣಮ್ಮ ಓಡಿ ಬಂದು ಗಂಟು ಇಳಿಸಿದಳು. "ಫೋನಲ್ಲಿ ಯೋಳಿದ್ನಲ್ಲ ಪೆದ್ದಕ್ಕ, ಬರಬೇಡ ಅಂತ."

"ಯಾರಿಗೆ ಯೋಳ್ದೆ?"

"ನಿಮ್ಮ ಮನೆ ಫೋನಿಗೆ."

"ಫೋನು ಮನೇಲೆಲ್ಲೈತೆ? ಮುನೀಂದ್ರ ಕೋಳಿ ಕೂಗೋ ಒತ್ಗೇ ಬಂಗಾರಪೇಟೆಗೆ ಓಗಿ ರೈಲು ಅತ್ತುತ್ತಾನೆ. ಈಗ ಬೆಂಗ್ಳೂರಲ್ಲಿ ಅವನ ಜೇಬಲ್ಲೈತೆ ನಿನ್ನ ಮಾತು. ಪಾಪ, ಅವನೇನು ರಾಗಿ ಒತ್ಕಂಡು ಬರ್ತಿರಲಿಲ್ಲ."

ಕದಿರಪ್ಪ ನಕ್ಕುಬಿಟ್ಟ. ಪೆದ್ದಮ್ಮ ನಗಲಿಲ್ಲ. ಸೊಣ್ಣಮ್ಮನೂ ನಗಲಿಲ್ಲ. ಸೆಲ್ವಿ ಎಲ್ಲ ಹೇಳಿಕೊಟ್ಟಿದ್ದಳು, ಇದೊಂದನ್ನು ಹೇಳಿರಲಿಲ್ಲ. ಸೆಲ್ವಿಯ ಗಿರಾಕಿಗಳ ಫೋನು ಅವರ ಕೈಯಲ್ಲೇ ಇರುತ್ತದೆ. ಇಲ್ಲಿ ಮನೆಗೊಂದು ಫೋನು, ಅದೂ ದುಡಿಯಲು ಹೋದವರ ಜೊತೆ. ಬೆಳಗಿನ ಮಾತು ಊರು ಬಿಟ್ಟು ಹೋಗುತ್ತದೆ.

ಸೊಣ್ಣಮ್ಮ ಪೆದ್ದಮ್ಮನ ಪಕ್ಕದಲ್ಲಿ ಕೂತಳು. ಇಷ್ಟು ವರ್ಷದಲ್ಲಿ ಕೇಳದಿದ್ದುದನ್ನು ಕೇಳಿದಳು. "ಫೋನು ಮನೇಗೆ ಬರೋದು ಯಾವೊತ್ತಿಗೆ?"

"ಏಳಕ್ಕೆ ಬತ್ತಾನೆ. ಉಣ್ಣೋವಾಗ ಪಕ್ಕದಲ್ಲೇ ಮಡೀಕಂತಾನೆ."

"ನಿಮ್ಮ ಬೀದೀಲಿ ಅಗಲೆಲ್ಲ ಫೋನು ಇರೋದು ಯಾರ ಮನೇಲಿ?"

"ಕದಿರಮ್ಮನ ಅತ್ರ ಐತೆ. ಅವಳು ಮನೇಲೇ ಊದುಬತ್ತಿ ಒಸೀತಾಳೆ."

ಸೊಣ್ಣಮ್ಮ ಕದಿರಮ್ಮನ ನಂಬರನ್ನೂ ಪಟ್ಟಿಗೆ ಹಾಕುವುದೆಂದು ತೀರ್ಮಾನಿಸಿದಳು, ಅವಳನ್ನು ಕೇಳಿಯೇ. ಮೊದಲೇ ಗೊತ್ತಿರುವ ಸುದ್ದಿಯನ್ನು ಹಿಂದಿನ ಸಂಜೆ ಹೇಳುವುದು. ಹೇಳದೆ ಕೇಳದೆ ಕರೆಂಟು ಹೋದರೆ ಕದಿರಮ್ಮನಿಗೆ ಹೇಳುವುದು, ಅವಳು ಬಾಗಿಲಿಗೆ ಬಂದು ಬೀದಿಗೆ ಕೂಗುತ್ತಾಳೆ.

ಪೆದ್ದಮ್ಮನ ರಾಗಿಯನ್ನು ಅವತ್ತು ಅಲ್ಲೇ ಇರಿಸಿಕೊಂಡರು. ಕರೆಂಟು ಬಂದ ಮೇಲೆ ಕದಿರಪ್ಪ ಹಿಟ್ಟು ಮಾಡಿ, ಸೈಕಲ್ಲಿನಲ್ಲಿ ಮನೆಗೆ ತಲುಪಿಸಿದ. ಈ ಸಲ ಗೊಣಗಲಿಲ್ಲ.

ಮುಂದಿನ ವಾರ ಲೈನ್‌ಮನ್ ಸಿಕ್ಕಾಗ ಕದಿರಪ್ಪನೇ ಮರುದಿನದ ಕರೆಂಟಿನ ಸುದ್ದಿ ಕೇಳಿಕೊಂಡು ಬಂದು ಹೇಳಿದ. ಸಂಜೆ ಏಳೂವರೆಗೆ ಸೊಣ್ಣಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದಳು.

"ನಾನು ಮಿಷನ್ ಸೊಣ್ಣಮ್ಮ. ನಾಳೆ ಅತ್ತು ಗಂಟೆಯಿಂದ ನಾಲ್ಕರ ತನಕ ಕರೆಂಟಿರಲ್ಲ. ನಾಲ್ಕರ ಮೇಲೆ ಬನ್ನಿ. ಕೇಳಿಸಿದ್ರೆ ಒಂದು ಹೂಂ ಅನ್ರಮ್ಮಾ."

ಎಂಟಾಯಿತು, ಎಂಟೂವರೆಯಾಯಿತು. ಯಾರೂ ಹೂಂ ಅನ್ನಲಿಲ್ಲ.

ಮಾರನೆಯ ದಿನ ಹತ್ತಕ್ಕೆ ಕರೆಂಟು ಹೋಯಿತು. ಸೊಣ್ಣಮ್ಮ ಮೆಟ್ಟಿಲನ್ನೇ ನೋಡುತ್ತಾ ಕೂತಳು. ಹನ್ನೊಂದಕ್ಕೂ ಯಾರೂ ಬರಲಿಲ್ಲ, ಎರಡಕ್ಕೂ ಬರಲಿಲ್ಲ. ಕೇಳಿಸಿಕೊಂಡು ಬರಲಿಲ್ಲವೋ, ಪಾಕೀಟು ತಂದುಕೊಂಡು ಬರಲಿಲ್ಲವೋ ಗೊತ್ತಾಗಲಿಲ್ಲ. ನಾಲ್ಕಕ್ಕೆ ಬಲ್ಬು ಹೊತ್ತಿಕೊಂಡಿತು. ನಾಲ್ಕೂಕಾಲಿಗೆ ರಸ್ತೆಯ ತಿರುವಿನಲ್ಲಿ ಪೆದ್ದಮ್ಮ ಕಂಡಳು. ಅವಳ ಹಿಂದೆ ಆ ಬೀದಿಯ ಐದು ಗಂಟುಗಳು.

"ಒಂದು ಹೂಂ ಅನ್ನಬಾರ್ದಿತ್ತಾ ಪೆದ್ದಕ್ಕ? ಬೆಳಗಿಂದ ಜೀವ ಕೈಲಿಡ್ಕಂಡಿದ್ದೆ."

"ಹೂಂ ಅನ್ನಾಕೆ ಎಲ್ಲಿ ಒತ್ತಬೇಕೋ ಯಾರಿಗೆ ಗೊತ್ತು? ಬಂದಿದೀನಲ್ಲ, ಇಳಿಸು," ಅಂದಳು ಪೆದ್ದಮ್ಮ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದೂ ಮಿಷನ್ನೋ ಹೊಲಿಗೆಯೋ ಹಾಲಿನ ವ್ಯಾಪಾರವೋ ಇರಬಹುದು. ಫೋನಿನಲ್ಲಿ ಹೂವು ಕಳಿಸುವುದು ಬೇಡ, ಗಿರಾಕಿಗೆ ಬೇಕಾದ ಸುದ್ದಿ ಕಳಿಸಿ. ಇಲ್ಲ ಎನ್ನುವುದನ್ನೂ ಹೇಳಿ. ಬರೆಯಲು ಬರದಿದ್ದರೆ ಮಾತಾಡಿ. ಅವರ ಫೋನು ಯಾರ ಜೇಬಿನಲ್ಲಿ, ಯಾವ ಹೊತ್ತಿಗೆ ಮನೆಗೆ ಬರುತ್ತದೆ ಎಂದು ಮೊದಲು ಅವರನ್ನೇ ಕೇಳಿ. ನಿಮ್ಮ ಬಾಗಿಲಿಗೆ ಬರುವವರು ದೂರದಿಂದ ಬರುತ್ತಾರೆ, ಭಾರ ಹೊತ್ತು ಬರುತ್ತಾರೆ. ಅವರು ಹೊರಡುವ ಮುಂಚೆ ಒಂದು ಮಾತು ಹೇಳಿ.

ಸೊಣ್ಣಮ್ಮ ಈಗ ದಿನಾ ಸಂಜೆ ಏಳೂವರೆಗೆ ಹೇಳುತ್ತಾಳೆ. ಮೈಯೆಲ್ಲ ಹಿಟ್ಟು, ಸೊಂಟ ನೋವು, ದನಿಯೂ ಸೋತಿರುತ್ತದೆ. ಆದರೂ ಹೇಳುತ್ತಾಳೆ. ಕೊನೆಯಲ್ಲಿ ಪ್ರತಿ ಸಲವೂ ಅದೇ ಮಾತು: "ಕೇಳಿಸಿದ್ರೆ ಒಂದು ಹೂಂ ಅನ್ರಮ್ಮಾ."

ಇವತ್ತಿನವರೆಗೂ ಯಾರೂ ಅಂದಿಲ್ಲ.