ಹತ್ತಬಾರದ ಬಲ್ಬು

"ಯವ್ವಾ!" ಎಂದು ಕೂಗಿ ಶಾರದವ್ವ ಕೈ ಹಿಂದಕ್ಕೆಳೆದುಕೊಂಡಳು. ಹೊಸ ಇಸ್ತ್ರಿ ಪೆಟ್ಟಿಗೆ ಕಂಬಳಿಯ ಮೇಲೆ ಧೊಪ್ಪನೆ ಬಿತ್ತು. ಪಡಸಾಲೆಯ ತುಂಬ ಕೂತಿದ್ದ ಓಣಿಯ ಹೆಂಗಸರು ಕಿಸಕ್ಕನೆ ನಕ್ಕರು.

"ಏನಾತು?" ಗಂಡ ವೀರಪ್ಪ ಓಡಿ ಬಂದ.

"ಜುಂ ಅಂತ್ರಿ. ಮೊಣಕೈ ತನಕ ಏರ್ತು."

ದಾಸನಕೊಪ್ಪಕ್ಕೆ ಕರೆಂಟು ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಕಿರಾಣಿ ಅಂಗಡಿಯ ವೀರಪ್ಪ ಸಾಮಾನಿಗೆಂದು ಹುಬ್ಬಳ್ಳಿಗೆ ಹೋದವನು ಕನ್ನಡಿಯಂತೆ ಹೊಳೆಯುವ ಕರೆಂಟಿನ ಇಸ್ತ್ರಿ ಪೆಟ್ಟಿಗೆ ತಂದಿದ್ದ. ಕೆಂಡ ತುಂಬುವಂತಿಲ್ಲ, ಬೂದಿ ಹಾರುವಂತಿಲ್ಲ. ಹಿಂದಿನ ಸಂಜೆ ತಾನೇ ಅಂಗಿಯೊಂದನ್ನು ತೀಡಿ ತೋರಿಸಿದಾಗ ನೋಡಲು ಬಂದವರಿಗೆ ನಿಲ್ಲಲು ಜಾಗ ಸಾಲದಾಗಿತ್ತು. ಬೆಳಗಾಗುತ್ತಲೇ ಒಬ್ಬಳು ಸೀರೆ, ಒಬ್ಬಳು ಧೋತರ, ಮತ್ತೊಬ್ಬಳು ಕೂಸಿನ ಕುಲಾವಿ ಹಿಡಿದುಕೊಂಡು ಬಂದಿದ್ದರು.

ವೀರಪ್ಪ ಪ್ಲಗ್ಗು ಕಿತ್ತು ನೋಡಿದ, ಮತ್ತೆ ಹಾಕಿದ. ಪೆಟ್ಟಿಗೆಯ ಹೊಳೆಯುವ ಬೆನ್ನಿಗೆ ಬೆರಳು ತಾಗಿಸಿದ. ಏನೂ ಆಗಲಿಲ್ಲ. ಅಂಗೈಯಿಂದ ತಟ್ಟಿದ. ಆಗಲೂ ಏನೂ ಇಲ್ಲ.

"ನೋಡ್ರಿ, ಬರೀ ಅಂಜಿಕಿ!"

ಎದುರು ಮನೆಯ ಕೆರಿಯಪ್ಪ ಬಾಗಿಲಲ್ಲೇ ನಿಂತು ನಕ್ಕ. "ನಮ್ಮ ಮನ್ಯಾಗೂ ಕರೆಂಟಿನ ಒಲಿ ಐತೆವಾ. ಸೊಸಿ ಬಾಣಂತಿ, ಚಳಿ ಬ್ಯಾರೆ. ಆಕಿ ಮಂಚದ ಬಾಜೂಕ ಹಗಲೂ ರಾತ್ರಿ ಉರೀತದ. ಏನೂ ಆಗಿಲ್ಲ. ನಿನಗ ಕರೆಂಟು ಒಗ್ಗವಲ್ದು, ಅಷ್ಟ."

ಮತ್ತೊಮ್ಮೆ ನಗು. ಶಾರದವ್ವ ತುಟಿ ಕಚ್ಚಿಕೊಂಡು ಇಸ್ತ್ರಿ ಮುಂದುವರಿಸಿದಳು. ವಿಚಿತ್ರವೆಂದರೆ, ಈಗ ಪೆಟ್ಟಿಗೆ ಸಾಧು ಹಸುವಿನಂತಿತ್ತು.

ಹೆಂಗಸರೆಲ್ಲ ಹೋದ ಮೇಲೆ ಅವಳು ಅದರ ಮುಂದೆ ಕೂತಳು. ಮೈ ಜುಮ್ಮೆಂದದ್ದು ಸುಳ್ಳಲ್ಲ. ಈಗ ಅನ್ನದಿರುವುದೂ ಸುಳ್ಳಲ್ಲ. ನಡುವೆ ಆದದ್ದಾದರೂ ಏನು? ಗಂಡ ಪ್ಲಗ್ಗು ಕಿತ್ತು ಹಾಕಿದ್ದ, ಅಷ್ಟೇ. ಅವಳು ಪ್ಲಗ್ಗಿನ ಕಡೆ ನೋಡಿದಳು. ಅದರ ಒಂದು ಮಗ್ಗುಲಿಗೆ ಸಣ್ಣ ಸೀಳು. ಈಗ ಸೀಳು ಮೇಲಿದೆ. ಬೆಳಿಗ್ಗೆ ತಾನು ಹಾಕಿದಾಗ? ಕೆಳಗಿತ್ತಲ್ಲವೇ!

ಮಣೆಯೊಂದನ್ನು ತಂದು ಹಾಕಿಕೊಂಡು ಅದರ ಮೇಲೆ ನಿಂತಳು. ಪ್ಲಗ್ಗನ್ನು ತಿರುವಿ ಹಾಕಿ, ಒಂದು ಕಾಲಿನ ಹೆಬ್ಬೆರಳನ್ನಷ್ಟೇ ನೆಲಕ್ಕೆ ಊರಿ, ಬೆರಳಿನ ಹಿಂಬದಿಯಿಂದ ಪೆಟ್ಟಿಗೆಯನ್ನು ಸೋಕಿಸಿದಳು. ಚಟಕ್! ಮತ್ತೆ ತಿರುವಿ ಹಾಕಿದಳು. ಸುಮ್ಮನಿತ್ತು.

"ರೀ! ಲಗೂನ ಬರ್ರಿ!"

ಅಂಗಡಿಗೆ ಹೊರಟಿದ್ದ ವೀರಪ್ಪ ಬಂದ. "ನೀವು ಹಾಕಿದ್ದು ಹಿಂಗ. ನಾ ಹಾಕಿದ್ದು ಹಿಂಗ. ಈಗ ಬೆರಳು ಹಚ್ರಿ, ನೋಡೂಣು."

ಅವನು ನಗುತ್ತಲೇ ಬೆರಳು ಹಚ್ಚಿದ; "ಎಪ್ಪಾ!" ಎಂದು ಗೋಡೆಗೆ ಹೋಗಿ ಬಡಿದುಕೊಂಡ. ಅತ್ತೆ ಗಿರಿಜವ್ವ ಅಡಿಗೆಮನೆಯಿಂದ ಧಾವಿಸಿ ಬಂದು, "ಈ ದೆವ್ವ ಮನ್ಯಾಗ ಬ್ಯಾಡ, ಹೊರಗ ಒಗೀರಿ!" ಎಂದು ಕೂಗಾಡಿದಳು. ಆದರೆ ವೀರಪ್ಪ ಕೈ ಕೊಡವುತ್ತ ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

"ಇದು ಹೆಂಗ ತಿಳೀತು ನಿನಗ? ತಡಿ, ಸಿರಸ್ಯಾಗ ದಿನಕರ ಅಂತ ರಿಪೇರಿಯವ ಅದಾನ. ಸೀರಿ ಬದಲಾಯಿಸು. ಬಸ್ ಬರೂ ಹೊತ್ತಾತು."

ದಿನಕರನ ಅಂಗಡಿ ಸಿರಸಿ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಗೂಡು. ಒಳಗೆ ಬಿಚ್ಚಿದ ರೇಡಿಯೋ, ರೆಕ್ಕೆ ಕಳಚಿದ ಫ್ಯಾನುಗಳು. ಅವನು ಹಲಗೆಗೆ ಕೂರಿಸಿದ ಬಲ್ಬೊಂದನ್ನು ಮುಂದಿಟ್ಟುಕೊಂಡ. ಅದರ ಪ್ಲಗ್ಗು ಗೋಡೆಯಲ್ಲಿತ್ತು; ಹಲಗೆಯಿಂದ ಇನ್ನೆರಡು ಬಿಡಿ ತಂತಿಗಳು ಹೊರಟಿದ್ದವು.

"ಒಂದು ತಂತಿ ಪೆಟ್ಟಿಗೆ ಪ್ಲಗ್ಗಿನ ಪಿನ್ನಿಗೆ, ಇನ್ನೊಂದು ಪೆಟ್ಟಿಗೆಯ ಮೈಗೆ. ಬಲ್ಬು ಹತ್ತಬಾರ್ದು ಅಕ್ಕ. ಹತ್ತಿತು ಅಂದ್ರೆ ಕರೆಂಟು ಮೈಗೆ ಇಳಿದಿದೆ ಅಂತ ಲೆಕ್ಕ."

ತಂತಿ ತಾಗಿಸಿದ. ಬಲ್ಬು ಝಗ್ಗನೆ ಹತ್ತಿತು.

"ಮತ್ತೊಮ್ಮಿ ಹಚ್ರಿ!" ಎಂದ ವೀರಪ್ಪ, ಆಟ ನೋಡುವ ಹುಡುಗನಂತೆ. ಶಾರದವ್ವ ಮಾತ್ರ, "ಒಂದು ಕಡೆ ಹಾಕಿದ್ರ ಹೊಡೀತದ, ತಿರುವಿ ಹಾಕಿದ್ರ ಇಲ್ಲ. ಅದ್ಯಾಕ್ರಿ?" ಎಂದು ಕೇಳಿದಳು.

ದಿನಕರ ತಲೆಯೆತ್ತಿ ಅವಳನ್ನು ನೋಡಿದ. "ಅದನ್ನೂ ನೋಡ್ಕಂಡು ಬಂದಿದ್ದೀರಾ! ಒಳಗಿನ ತಂತಿ ಒಂದು ತುದೀಲಿ ತಗಡಿಗೆ ತಾಗ್ತಾ ಉಂಟು. ಒಂದು ಬದಿ ಹಾಕಿದ್ರೆ ಬಚಾವು, ಇನ್ನೊಂದು ಬದಿ ಹಾಕಿದ್ರೆ ಪೂರಾ ಕರೆಂಟು. ಒದ್ದೆ ನೆಲದಲ್ಲಿ ನಿಂತು ಗಟ್ಟಿ ಹಿಡಿದ್ರೆ ಕೈ ಬಿಡ್ಸ್ಕಳ್ಳೂಕೇ ಆಗೂದಿಲ್ಲ."

ಅವನು ಪೆಟ್ಟಿಗೆ ಬಿಚ್ಚಿ, ಕರೆಂಟು ತಗಡಿಗೆ ತಾಗದಂತೆ ತಡೆಯುವ, ಈಗ ಹರಿದಿದ್ದ ಅಭ್ರಕದ ಹಾಳೆಯನ್ನು ತೆಗೆದು ಹೊಸದನ್ನು ಹಾಕಿ, ಮತ್ತೆ ತಂತಿ ತಾಗಿಸಿದ. ಮೂವರೂ ಬಗ್ಗಿ ನೋಡಿದರು. ಬಲ್ಬು ಹತ್ತಲಿಲ್ಲ. ಶಾರದವ್ವ ಚಪ್ಪಾಳೆಯನ್ನೇ ತಟ್ಟಿಬಿಟ್ಟಳು.

"ಇಂಥಾ ಬಲ್ಬು ನನಗೂ ಒಂದು ಬೇಕ್ರಿ."

ವೀರಪ್ಪ ಅಲ್ಲೇ ಕೊಡಿಸಿದ. ದಿನಕರ ಅವಳ ಕೈಯಲ್ಲೇ ಅದನ್ನು ಮಾಡಿಸಿ ನೋಡಿದ: ಮಣೆ ಮೇಲೆ ನಿಲ್ಲಬೇಕು, ಕೈ ಒಣಗಿರಬೇಕು, ತಂತಿಯ ತುದಿ ಮುಟ್ಟಕೂಡದು.

ತಿರುಗಿ ಬರುವಾಗ ವೀರಪ್ಪ ಬಸ್ಸಿನಲ್ಲಿದ್ದವರಿಗೆಲ್ಲ, "ನಮ್ಮಾಕೀನ ಕಂಡುಹಿಡದದ್ದು" ಎಂದು ಹೇಳಿಯೇ ಹೇಳಿದ. ಶಾರದವ್ವ ನಾಚಿ ಕಿಟಕಿಯತ್ತ ತಿರುಗಿದ್ದಳು. ಹಾಗೆ ತಿರುಗಿದವಳು ಥಟ್ಟನೆ ನೆಟ್ಟಗೆ ಕೂತಳು. ಮೊನ್ನೆ ಕೂಸನ್ನು ನೋಡಲು ಹೋದಾಗ ಕೆರಿಯಪ್ಪನ ಸೊಸೆ ದೇವಿ ಪಿಸುಗುಟ್ಟಿದ್ದು ಕಿವಿಯಲ್ಲಿ ಗುಂಯ್ಗುಟ್ಟಿತು: "ಕೆಳಗ ಕಾಲಿಟ್ರ ಮೈಯೆಲ್ಲ ಜುಂ ಅಂತದ ಅಕ್ಕ. ಒಂದೊಂದಿನ ಇರಂಗಿಲ್ಲ. ಅತ್ತಿ ಬಾಣಂತಿ ವಾಯು ಅಂತಾರ, ಖಾರ ತಿನ್ನಸ್ತಾರ."

ಕಬ್ಬಿಣದ ಮಂಚ. ಅದಕ್ಕೆ ತಾಗಿಸಿ ಇಟ್ಟ ಕರೆಂಟಿನ ಒಲೆ. ಒಂದೊಂದು ದಿನ ಇರುವುದಿಲ್ಲ, ಅಂದರೆ ಪ್ಲಗ್ಗು ತಿರುವಿ ಹಾಕಿದ ದಿನ!

"ಬಸ್ ಜೋರ ಓಡಸಾಕ ಹೇಳ್ರಿ" ಎಂದಳು ಗಂಡನಿಗೆ. ಅವಳ ದನಿ ಕೇಳಿದ್ದೇ ಅವನು ಎದ್ದು ಡ್ರೈವರನ ಹತ್ತಿರ ಹೋದ.

ದಾಸನಕೊಪ್ಪದಲ್ಲಿ ಬಸ್ಸು ಪೂರ್ತಿ ನಿಲ್ಲುವ ಮುಂಚೆಯೇ ಶಾರದವ್ವ ಇಳಿದು ಸೆರಗು ಸಿಕ್ಕಿಸಿ, ಬಲ್ಬಿನ ಹಲಗೆಯನ್ನು ಕಂಕುಳಲ್ಲಿ ಅವಚಿಕೊಂಡು ಓಡಿದಳು. ಕೆರಿಯಪ್ಪನ ಮನೆಯಲ್ಲಿ ಬಾಣಂತಿ ಎರೆದುಕೊಳ್ಳುವ ಹೊತ್ತು. ಬಿಸಿನೀರಿನ ಹಂಡೆಯಿಂದ ಚೆಲ್ಲಿದ ನೀರು ಕೋಣೆಯ ನೆಲಕ್ಕೆಲ್ಲ ಹರಿದಿತ್ತು. ದೇವಿ ಕೂಸನ್ನು ಎದೆಗವಚಿಕೊಂಡು ಮಂಚದಿಂದ ಇಳಿಯಲೆಂದು ಒಂದು ಕೈಯನ್ನು ಕಬ್ಬಿಣದ ಸರಳಿನತ್ತ ಚಾಚಿದ್ದಳು.

"ದೇವೀ! ಕಾಲ ಇಡಬ್ಯಾಡ! ಮಂಚ ಮುಟ್ಟಬ್ಯಾಡ!"

ದೇವಿ ಬೆಚ್ಚಿ ಕಾಲನ್ನು ಮೇಲೆಳೆದುಕೊಂಡಳು. ಶಾರದವ್ವ ಒಣಗಿದ ಹೊಸ್ತಿಲ ಮೇಲೆ ನಿಂತೇ ಕೈಚಾಚಿ, ಗೋಡೆಯ ಪ್ಲಗ್ಗನ್ನು ಸೆರಗಿನಿಂದ ಹಿಡಿದು ಕಿತ್ತಳು. ಕೂಸು ಕಿರುಚತೊಡಗಿತು.

"ಏನಿದು ಹುಚ್ಚಾಟ?" ಕೆರಿಯಪ್ಪ ಅಬ್ಬರಿಸಿದ.

"ಕಾಕಾ, ಒಂದೀಟ ತಡೀರಿ. ನಿಮ್ಮ ಕಣ್ಣಾರೆ ನೋಡ್ರಿ."

ಒಲೆಯನ್ನು ಪಡಸಾಲೆಗೆ ತಂದಳು. ಬಲ್ಬಿನ ಪ್ಲಗ್ಗನ್ನು ಗೋಡೆಗೆ ಚುಚ್ಚಿ, ಮಣೆಯ ಮೇಲೆ ನಿಂತು ಅದರ ಒಂದು ತಂತಿಯನ್ನು ಒಲೆಯ ಪಿನ್ನಿಗೆ, ಇನ್ನೊಂದನ್ನು ಒಲೆಯ ತಗಡಿಗೆ ತಾಗಿಸಿದಳು. ಬಲ್ಬು ಹತ್ತಿ, ಬಾಗಿಲಿಗೆ ಮುತ್ತಿದ್ದ ಓಣಿಯವರ ಮುಖಗಳೆಲ್ಲ ಒಮ್ಮೆಲೇ ಬೆಳಗಿದವು. ವೀರಪ್ಪ ಏದುಸಿರು ಬಿಡುತ್ತ ಎಲ್ಲರಿಗೂ ಬಿಡಿಸಿ ಹೇಳಿದ. ಯಾರೂ ನಗಲಿಲ್ಲ. ಕೆರಿಯಪ್ಪ ಒಮ್ಮೆ ಬಲ್ಬನ್ನೂ ಒಮ್ಮೆ ಕೋಣೆಯ ಒದ್ದೆ ನೆಲವನ್ನೂ ನೋಡಿದ. ಹೆಗಲ ಮೇಲಿನ ಟವಲು ಜಾರಿ ಬಿದ್ದದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಒಳಗಿನಿಂದ ದೇವಿಯ ದನಿ ಬಂತು. "ವಾಯು ಅಲ್ಲ ಹಂಗಾರ?"

"ಅಲ್ಲವಾ, ನೀ ಹೇಳಿದ್ದು ಖರೇನ ಇತ್ತು" ಎಂದಳು ಶಾರದವ್ವ.

ಕೆರಿಯಪ್ಪ ಒಳಗೆ ಹೋದ. ಅಟ್ಟಕ್ಕೆ ಹಾಕಿದ್ದ ಅಗ್ಗಿಷ್ಟಿಕೆಯನ್ನು ಇಳಿಸಿ, ಹಿತ್ತಿಲಲ್ಲಿಟ್ಟು ಇದ್ದಿಲು ತುಂಬಿ, ಹೆಂಗಸರು ಯಾರನ್ನೂ ಕರೆಯದೆ ತಾನೇ ಕುಕ್ಕರಗಾಲಲ್ಲಿ ಕೂತು ಊದತೊಡಗಿದ. ಹೊಗೆಗೆ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಮತ್ತೆ ಊದಿದ. ಕೋಣೆಯಲ್ಲಿ ಕೂಸು ಅಳು ನಿಲ್ಲಿಸಿ ಹಾಲು ಕುಡಿಯುತ್ತಿತ್ತು. ದೇವಿ ಕಾಲುಗಳನ್ನು ಮೆಲ್ಲಗೆ ನೆಲಕ್ಕೆ ಇಳಿಬಿಟ್ಟಳು. ಮೈ ಜುಂ ಅನ್ನಲಿಲ್ಲ. ಆಮೇಲೆ ಕೈಚಾಚಿ ಮಂಚದ ಸರಳನ್ನು ಹಿಡಿದುಕೊಂಡಳು.