ಸಂತೆ ದಿನದ ಗಂಜಿ

“ಗಂಜಿನಾ? ಯಾರಿಗೆ ಉಷಾರಿಲ್ಲ ಅತ್ತಿಗೆ?”

ಜಯಪ್ಪ ತಟ್ಟೆಯಿಂದ ತಲೆಯೆತ್ತಿ ಕೇಳಿದ. ಅವನ ಪಕ್ಕದಲ್ಲಿ ಸಾಲಾಗಿ ಕೂತಿದ್ದ ಏಳೆಂಟು ಮಂದಿ ನೆಂಟರೂ ಕೈ ತಡೆದು ಮಹಾದೇವಮ್ಮನ ಮುಖ ನೋಡಿದರು. ಮಹಾದೇವಮ್ಮ ಕೈಯಲ್ಲಿದ್ದ ಸೌಟನ್ನು ಪಾತ್ರೆಗಿಳಿಸಿದಳು. ‘ಅಕ್ಕಿ ಸಾಲ್ತಿಲ್ಲ ಕಣಪ್ಪ’ ಎಂದು ಹೇಳಬೇಕೆಂದು ಬೆಳಗ್ಗೆಯಿಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಬಾಯಿಗೆ ಬಂದದ್ದೇ ಬೇರೆ.

“ಸೊಸೇಗೆ ಕಣಪ್ಪ. ಜ್ವರ. ಎಲ್ರಿಗೂ ಒಂದೇ ಪಾತ್ರೇಲಿ ಕಾಯ್ಸ್‌ಬುಟ್ಟೆ.”

ಒಳಗೆ ಒಲೆ ಊದುತ್ತಿದ್ದ ಸೊಸೆ ಸುಲೋಚನ ಅದನ್ನು ಕೇಳಿ ಊದುವುದನ್ನೇ ನಿಲ್ಲಿಸಿದಳು. ನೆಂಟರು ಪಾಪ, ‘ಅಯ್ಯೋ ಶಿವನೇ, ಬಾಣಂತಿಗೆ ಜ್ವರವೇ’ ಎನ್ನುತ್ತ, ಸದ್ದಾಗದಂತೆ ಗಂಜಿ ಕುಡಿದು, ಎಂದಿನಂತೆ ಎಲೆಅಡಿಕೆಗೂ ಕೂರದೆ ಎದ್ದು ಹೋದರು.

ಶನಿವಾರಸಂತೆ ಊರಿನ ಸಂತೆಮಾಳಕ್ಕೆ ಬೆನ್ನು ಹಾಕಿದಂತಿತ್ತು ಆ ಮನೆ. ಶನಿವಾರ ಬಂತೆಂದರೆ ಕೊಡ್ಲಿಪೇಟೆ ಕಡೆಯವರು, ಗಡಿಯಾಚೆ ಮೈಸೂರು ಸೀಮೆಯವರು, ಮೆಣಸಿನಕಾಯಿ ಮಾರಲು ಬಂದವರು, ಹೋರಿ ಕೊಳ್ಳಲು ಬಂದವರು, ಎಲ್ಲ ನೆಂಟರೂ ಮಧ್ಯಾಹ್ನ ಇಲ್ಲಿಯೇ ಕಾಲು ತೊಳೆಯುವುದು. ಕಾಲಿಗೆ ನೀರು ಕೊಟ್ಟ ಮೇಲೆ ಅನ್ನ ಹಾಕದೆ ಕಳಿಸುವುದುಂಟೆ? ಮಹಾದೇವಮ್ಮ ಮದುವೆಯಾಗಿ ಬಂದಾಗಿನಿಂದ ಅದು ಹಾಗೆಯೇ ನಡೆದಿತ್ತು. ಆಗ ಬರುವವರೂ ಬರಿಗೈಯಲ್ಲಿ ಬರುತ್ತಿರಲಿಲ್ಲ. ಒಬ್ಬ ಅಕ್ಕಿಯ ಗಂಟು ತಂದರೆ ಇನ್ನೊಬ್ಬ ಅವರೆಕಾಯಿ ಸುರಿಯುತ್ತಿದ್ದ. ಈಗ ಯುದ್ಧ. ಗಡಿ ದಾಟಿಸಿ ಒಂದು ಸೇರು ಅಕ್ಕಿ ತಂದರೂ ಚೌಕಿಯವರು ಬಿಡುತ್ತಿರಲಿಲ್ಲ. ಅಂಗಡಿಯ ಅಕ್ಕಿಯಲ್ಲಿ ಅಕ್ಕಿಗಿಂತ ಕಲ್ಲೇ ಜಾಸ್ತಿ, ಬೆಲೆ ಮಾತ್ರ ಸಂತೆಯಿಂದ ಸಂತೆಗೆ ಏರುತ್ತಿತ್ತು. ಬೆಲ್ಲ ಹೋಯಿತು, ಸೀಮೆಎಣ್ಣೆ ಹೋಯಿತು, ಮನೆಯವರು ಹೊತ್ತು ಮುಳುಗುವ ಮೊದಲೇ ಉಂಡು ಮಲಗುವುದು ಕಲಿತರು. ಏಲಕ್ಕಿ ಮಂಡಿಯಲ್ಲಿ ತೂಕ ಹಾಕುವ ಮಗ ಪರಮೇಶಪ್ಪನ ಸಂಬಳ ಮಾತ್ರ ಇದ್ದಲ್ಲೇ ಇತ್ತು.

“ಅವ್ವ, ಸಂತೆ ದಿನ ಬಾಗ್ಲು ಹಾಕ್ಕಂಡು ಒಳಗಿರಿ,” ಎಂದಿದ್ದ ಅವನು.

“ನಿಮ್ಮಪ್ಪ ಯಾವತ್ತಾದ್ರೂ ಹಾಕಿದ್ನೇನೋ?”

“ಅಪ್ಪನ ಕಾಲ್ದಲ್ಲಿ ಜಪಾನ್‌ನೋನು ಬರ್ಮಾಕ್ಕೆ ಬಂದು ಅಲ್ಲಿನ ಅಕ್ಕಿ ನಿಲ್ಸಿದ್ನಾ?”

ಆದರೂ ಮಹಾದೇವಮ್ಮ ಬಾಗಿಲು ಹಾಕಲಿಲ್ಲ. ಹಿಂದಿನ ಶನಿವಾರ ನೆಂಟರೆಲ್ಲ ಉಂಡೆದ್ದ ಮೇಲೆ ಅಡುಗೆಮನೆಗೆ ಬಂದು ನೋಡಿದರೆ, ಸುಲೋಚನ ಬರಿದಾದ ಪಾತ್ರೆಗೆ ನೀರು ಹಾಕಿ, ತಳಕ್ಕಂಟಿದ ಅಗುಳನ್ನು ಕೈಯಲ್ಲಿ ಬಿಡಿಸಿ ಕುಡಿಯುತ್ತಿದ್ದಳು. ತೊಡೆಯ ಮೇಲೆ ಕೂಸು ಹಾಲು ಸಾಲದೆ ರಚ್ಚೆ ಹಿಡಿದಿತ್ತು. ಸೊಸೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅತ್ತೆಗೂ ತಿರುಗಿ ಒಂದು ಮಾತು ಆಡಿ ಮರೆಯಬಹುದಿತ್ತು. ಗಂಜಿಯ ಯೋಚನೆ ಬಂದದ್ದು ಆವತ್ತೇ. ಅನ್ನದ ಬದಲು ಗಂಜಿ ಕಂಡರೆ ನೆಂಟರೇ ಅರ್ಥ ಮಾಡಿಕೊಂಡಾರು, ಬಾಗಿಲು ಹಾಕಿದ ಪಾಪವೂ ತಪ್ಪೀತು, ಸೊಸೆಗೂ ಒಂದು ತಟ್ಟೆ ಉಳಿದೀತು ಎಂದುಕೊಂಡಿದ್ದಳು. ಅವರು ಅರ್ಥ ಮಾಡಿಕೊಂಡದ್ದು ಜ್ವರ ಎಂದು.

“ನಿಮ್ಗೇ ಜ್ವರ ಅನ್ಬೋದಿತ್ತಲ್ಲ ಅತ್ತೆ? ನಂಗ್ಯಾಕೆ ತಗುಲಿಸಿದ್ರಿ?” ಎಂದಳು ಸುಲೋಚನ, ನೆಂಟರು ಗಂಜಿ ಕುಡಿದು ಹೋದ ಸಂಜೆ.

“ಬಡಿಸ್ತಾ ನಿಂತಿದ್ದೋಳು ನಾನು. ನಂಗೆ ಜ್ವರ ಅಂದ್ರೆ ಯಾರ್ ನಂಬ್ತಾರೆ?”

ಪರಮೇಶಪ್ಪ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡೇ ಹೇಳಿದ: “ಒಳ್ಳೆ ಕೆಲ್ಸ ಮಾಡ್ದೆ ಕಣವ್ವ. ಬರೋ ಶನಿವಾರ ಊಟಕ್ಕೆ ಬರೋರ್ ಜೊತೆ ಜ್ವರ ನೋಡಕ್ಕೂ ಬರ್ತಾರೆ. ಎರಡು ಪಂಕ್ತಿ.”

ಮಹಾದೇವಮ್ಮನಿಗೆ ವಾರವೆಲ್ಲ ಅದೇ ಚಿಂತೆಯಾಯಿತು.

ಶನಿವಾರ ಬಂದೇ ಬಂತು. ಅತ್ತೆ ಸೊಸೆಯನ್ನು ನಡುಮನೆಯಲ್ಲಿ ಮಲಗಿಸಿ, ಕುತ್ತಿಗೆಯವರೆಗೆ ಕಂಬಳಿ ಹೊದಿಸಿ, ಹಣೆಗೆ ಒಂದು ಬಟ್ಟೆ ಬಿಗಿದಳು. “ನರಳೋದು ಬ್ಯಾಡ. ಸುಮ್ನೆ ಬಿದ್ದಿರು,” ಎಂದಳು.

ಮೊದಲು ಬಂದವಳು ನೆಂಟರ ಪೈಕಿ ಮುದುಕಿ ಪುಟ್ಟಮಲ್ಲಮ್ಮ. ನೇರ ಒಳಗೆ ನುಗ್ಗಿ ಸುಲೋಚನಳ ಕುತ್ತಿಗೆಗೆ ಕೈಯಿಟ್ಟಳು.

“ತಣ್ಣಗೈತಲ್ಲೇ!”

“ಈಗ್ತಾನೆ ಇಳೀತು ಕಣತ್ತೆ,” ಎಂದಳು ಮಹಾದೇವಮ್ಮ.

“ಇಳ್ದು ಏರೋ ಜ್ವರ ಕೆಟ್ಟದ್ದು. ಏಳಬ್ಯಾಡ ಮಗ, ಒಂದು ವಾರ ಕಾಲು ನೆಲಕ್ಕೆ ಊರಬ್ಯಾಡ.” ಮುದುಕಿ ಸೆರಗಿನಿಂದ ಕೂವೆಹಿಟ್ಟಿನ ಪೊಟ್ಟಣ ಬಿಚ್ಚಿ ತಲೆದಿಂಬಿನ ಹತ್ತಿರ ಇಟ್ಟಳು. “ನೀರಲ್ಲಿ ಕಾಯ್ಸಿ ಕುಡ್ಸು. ಹಾಲೂ ಇಳೀತದೆ.”

ಒಬ್ಬೊಬ್ಬರೇ ಬಂದರು. ಕಿತ್ತಳೆ ತಂದವರು ಒಬ್ಬರು, ವಿಭೂತಿ ತಂದು ಹಚ್ಚಿದವರು ಒಬ್ಬರು. ಮಹಾದೇವಮ್ಮ ಒಬ್ಬೊಬ್ಬರನ್ನೂ ಬಿಡದೆ ಕೇಳಿದಳು: “ಊಟಕ್ಕೇಳಿ.”

“ಏನಂತ ಮಾತಾಡ್ತೀಯಕ್ಕ? ಕಾಯಿಲೆ ಮನೇಲಿ ಒಲೆ ಹಚ್ಚಿಸಿ ಉಣ್ಣೋದುಂಟಾ? ನಾವೇನು ರಾಕ್ಷಸರಾ?”

ಆ ಕಡೆಯ ಜನರ ರೀತಿಯೇ ಅದು. ಸಂತೆಯಲ್ಲಿ ಕಡಲೆಪುರಿ ಕೊಂಡು ಗಾಡಿಯ ಕೆಳಗೆ ಕೂತು ತಿಂದರೇ ಹೊರತು, ಆ ಮನೆಯಲ್ಲಿ ಯಾರೂ ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜಗಲಿ ಖಾಲಿಯಾದಂತಿತ್ತು. ಒಳಗೆ ಪಾತ್ರೆಯಲ್ಲಿ ಅನ್ನ ಹಾಗೆಯೇ ಇತ್ತು, ಮನೆಮಂದಿಗಷ್ಟೇ ಆಗುವಂತೆ ಕೈ ಹಿಡಿದು ಮಾಡಿದ ಬಿಸಿ ಅನ್ನ. ಮಹಾದೇವಮ್ಮನಿಗೆ ನಗು ಬರಬೇಕಿತ್ತು, ಸುಸ್ತು ಬಂತು. ನಡುಮನೆಗೆ ಇಣುಕಿದಳು. ಜ್ವರದ ಸೋಗು ಹಾಕಿದ್ದ ಸೊಸೆ ಬಾಯಿ ತೆರೆದು ನಿಜವಾಗಿಯೇ ನಿದ್ದೆ ಹೋಗಿದ್ದಳು, ಕೂಸೂ ಪಕ್ಕದಲ್ಲಿ ಮಲಗಿತ್ತು. ಮದುವೆಯಾದ ಮೇಲೆ ಈ ಹುಡುಗಿ ಹಗಲು ಮಲಗಿದ್ದನ್ನು ಅವಳು ನೋಡಿಯೇ ಇರಲಿಲ್ಲ.

ಇನ್ನೊಂದು ನಾಲ್ಕು ವಾರ ಜ್ವರ ನಡೆಸಿದರೆ ಕೊಯ್ಲಾಗಿ ಹೊಸ ಭತ್ತ ಬಂದೀತು ಎಂದು ಲೆಕ್ಕ ಹಾಕುತ್ತ ಹೊರಗೆ ಬಂದರೆ, ಜಗಲಿಯ ಮೂಲೆಯಲ್ಲಿ ಜಯಪ್ಪ ಇನ್ನೂ ಕೂತಿದ್ದ. ಅವಳ ಗಂಡನ ಚಿಕ್ಕಪ್ಪನ ಮಗ ಅವನು. ಗಡಿಯಾಚೆಯಿಂದ ನಡೆದೇ ಬರುವವನು. ರುಮಾಲು ಬಿಚ್ಚಿ ಮಂಡಿಯ ಮೇಲಿಟ್ಟುಕೊಂಡು ಕಂಬಕ್ಕೆ ಒರಗಿದ್ದ.

“ಯಾಕ್ ಜಯಪ್ಪ, ಗಾಡಿ ಸಿಗಲಿಲ್ವಾ?”

“ಗಾಡಿಗಲ್ಲ ಅತ್ತಿಗೆ. ಕಾಲು ಏಳ್ತಿಲ್ಲ.”

“ಪುರಿ ತಿಂದ್ಯಾ?”

ಅವನು ತಲೆ ತಗ್ಗಿಸಿದ. “ಮೆಣಸಿನಕಾಯಿ ಹೋಗ್ಲಿಲ್ಲ ಇವತ್ತು.” ರುಮಾಲಿನ ಅಂಚು ಮಡಚುತ್ತ ಹೇಳಿದ: “ನಿಮ್ಮುನ್ನ ಕೇಳ್ಬಾರ್ದು, ಆದ್ರೂ ಕೇಳ್ತೀನಿ. ಸುಲೋಚನಂಗೆ ಯಾವಾಗ ವಾಸಿಯಾಗ್ಬೋದು?”

“ಯಾಕಪ್ಪ?”

“ನಮ್ಮನೇಲಿ ದೀಪಾವಳಿ ಆದಾಗಿಂದ ಗಂಜೀನೇ ಅತ್ತಿಗೆ. ಅದೂ ಮಕ್ಳಿಗೆ ಮೊದ್ಲು. ಸಂತೆ ನೆಪ ಅಷ್ಟೇ ನಂದು. ಮಾರಕ್ಕೇನೈತೆ, ಒಂದು ಹಿಡಿ ಮೆಣಸಿನಕಾಯಿ? ಶನಿವಾರ ಅಂದ್ರೆ ಅಣ್ಣನ ಮನೇಲಿ ಹೊಟ್ಟೆ ತುಂಬ ಅನ್ನ ಅಂತ ನಡ್ಕಂಡ್ ಬತ್ತಿದ್ದೆ.” ಅವನು ನಗಲು ನೋಡಿದ. “ಹೋದ ವಾರ ನಿಮ್ ಗಂಜಿ ಕಂಡು, ಇಲ್ಲೂ ಬಂತಲ್ಲಪ್ಪ ಅಂತ ಎದೆ ಒಡೀತು. ಆಮೇಲೆ ಜ್ವರ ಅಂದ್ರಿ ನೋಡಿ. ಪಾಪ ಬರ್ಬಾರ್ದು, ಸಮಾಧಾನ ಆಯ್ತು.”

ಮಹಾದೇವಮ್ಮ ಕಂಬ ಹಿಡಿದು ನಿಂತಳು. ಸುಳ್ಳನ್ನು ಹಾಗೇ ಬಿಟ್ಟರೆ ಇವನು ಎದ್ದು ಹೋಗುತ್ತಾನೆ, ಒಳಗಿನ ಅನ್ನ ಒಳಗೇ ಉಳಿಯುತ್ತದೆ. ಹೇಳಿದರೆ, ಕಾಯಿಲೆ ಮನೆಯೆಂಬ ತಡೆ ಹೋಗಿ, ಮುಂದಿನ ವಾರ ಬೆಕ್ಕಿನಂತೆ ಬಾಗಿಲು ಸುತ್ತುವ ಅಷ್ಟೂ ಮಂದಿ ಮತ್ತೆ ಊಟಕ್ಕೆ ಬಂದಾರು. ಕೂಸು ಒಳಗೆ ಸಣ್ಣಗೆ ಕುಂಯ್‌ಗುಟ್ಟಿತು.

“ಜ್ವರ ಇಲ್ಲ ಜಯಪ್ಪ,” ಎಂದಳು. “ಯಾರಿಗೂ ಇಲ್ಲ. ಅಕ್ಕಿ ಸಾಲ್ತಿಲ್ಲ. ನಿಮಗೆಲ್ಲ ಬಡಿಸಿ ಬಡಿಸಿ ಆ ಹುಡುಗಿ ಮಡಕೆ ತೊಳೆದ ನೀರು ಕುಡಿದ್ಳು. ಹೇಳಕ್ಕೆ ನಾಚ್ಕೆ ಆಗಿ ಜ್ವರ ಅಂದೆ.”

ಜಯಪ್ಪ ರುಮಾಲು ಎತ್ತಿಕೊಂಡ. “ಬಾಣಂತಿ ಪಾಲು ಉಂಡೆ ನಾನು. ಇನ್ ಬರಲ್ಲ ಅತ್ತಿಗೆ.”

“ಕೂತ್ಕೊ.”

“ಬ್ಯಾಡಿ.”

“ಕೂತ್ಕೊ ಅಂದೆ! ಬರಲ್ಲ ಅನ್ನೋಕೆ ನೀನ್ಯಾರು? ಬಾ. ಎಲ್ರೂ ಬರ್ಲಿ. ಇನ್ಮೇಲೆ ಈ ಮನೇಲಿ ಗಂಜೀನೇ, ನೀರು ಜಾಸ್ತಿ ಇದ್ರೆ ನೀರು ಜಾಸ್ತಿ. ಆದ್ರೆ ಅವ್ಳು ಕೊನೇಗಲ್ಲ, ನಿಮ್ ಜೊತೆಗೇ ಉಣ್ತಾಳೆ. ಒಪ್ಗೆನಾ?”

“ಗಂಡಸ್ರ ಸಾಲಲ್ಲಾ?”

“ಯಾವ ಸಾಲಾದ್ರೇನು, ಹೆಂಗಸ್ರಿಗೆ ಹೊಟ್ಟೆ ಇರಲ್ವಾ?”

ಜಯಪ್ಪ ರುಮಾಲನ್ನು ಮತ್ತೆ ಮಂಡಿಯ ಮೇಲಿಟ್ಟ. “ಉಪ್ಪು ಸ್ವಲ್ಪ ಮುಂದಾಗಿ ಹಾಕಿ ಅತ್ತಿಗೆ,” ಎಂದ. “ಹೋದ ವಾರ ಸಪ್ಪೆ ಇತ್ತು.”

ಮಹಾದೇವಮ್ಮ ಒಳಗೆ ಹೋಗಿ ಅನ್ನದ ಪಾತ್ರೆಗೆ ಕುದಿನೀರು ಸುರಿದು ಸೌಟಿನಲ್ಲಿ ಮಸೆದಳು. ಮಗನ ಪಾಲನ್ನು ಒಂದು ಚಟ್ಟಿಯಲ್ಲಿ ತೆಗೆದಿಟ್ಟು, ನಡುಮನೆಯಲ್ಲಿ ಸುಲೋಚನಳ ಹಣೆಯ ಬಟ್ಟೆ ಬಿಚ್ಚಿ ಎಬ್ಬಿಸಿದಳು. ಎರಡು ಮಣೆ ಹಾಕಿದಳು. ನಿದ್ದೆಗಣ್ಣಿನ ಸೊಸೆ ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಜಯಪ್ಪನಿಂದ ಮಾರುದೂರದಲ್ಲಿ ಗೋಡೆಯ ಕಡೆ ಸ್ವಲ್ಪ ತಿರುಗಿ ಕೂತು, ತಟ್ಟೆಗೆ ಬಿದ್ದ ಗಂಜಿಯನ್ನು ಆರಿಸಲು ಊದತೊಡಗಿದಳು.