ಹೂಂ ಅಂದ ತಪ್ಪಿಗೆ

ಬಸಲಿಂಗವ್ವನಿಗೆ ಸುದ್ದಿ ಮುಟ್ಟಿದ್ದು ಹಿಟ್ಟಿನ ಗಿರಣಿಯಲ್ಲಿ. ಊರ ಕೆರೆಯ ದಂಡೆಗೆ ಇಳಕಲ್ಲಿನ ಯಾವುದೋ ಗ್ರಾನೈಟ್ ಪಾಲಿಶ್ ಕಾರ್ಖಾನೆಯ ಕಲ್ಲಿನ ರಾಡಿ ತಂದು ಸುರಿಯಲು ಅಪ್ಪಣೆ ಸಿಕ್ಕಿದೆಯಂತೆ. ಕೊಟ್ಟದ್ದು ಸರ್ಕಾರವಾದರೂ ಒಪ್ಪಿದ್ದು ಊರೇ ಅಂತೆ. ಅದರಲ್ಲೂ ಎಲ್ಲರಿಗಿಂತ ಗಟ್ಟಿಯಾಗಿ ಒಪ್ಪಿದವಳು ಬಸಲಿಂಗವ್ವನಂತೆ!

"ನಾ ಯಾವಾಗ ಒಪ್ಪೇನವಾ?"

ಗಿರಣಿಯ ಅಬೇದಾ ಹಿಟ್ಟಿನ ಕೈ ಒರೆಸಿಕೊಂಡು ಮೊಬೈಲು ಹಿಡಿದಳು. "ನೀನ ನೋಡ ಅತ್ತಿ, ಈ ವಿಡಿಯೋ. ಆಫೀಸಿನವರ ಕಳಿಸ್ಯಾರ."

ಹೋದ ತಿಂಗಳು ಶಾಲೆಯ ಅಂಗಳದಲ್ಲಿ ನಡೆದ ಅಹವಾಲು ಸಭೆ. ತಾಲೂಕು ಕಚೇರಿಯ ಸಾಹೇಬರು ಮೈಕಿನ ಮುಂದೆ ನಿಂತು ಹೇಳುತ್ತಿದ್ದಾರೆ: "ಕೆರಿ ದಂಡಿಮ್ಯಾಲಿನ ಜಾಗಾ..." ಮುಂದಿನ ಸಾಲಿನಲ್ಲಿ ಕೂತ ಬಸಲಿಂಗವ್ವ, "ಹೂಂ ರೀ." "ಅಲ್ಲಿ ರಾಡಿ ತಂದು ಹಾಕ್ತಾರ..." "ಹೂಂ ರೀ." ಅವಳ ಹಿಂದೆ ಊರಿಗೆ ಊರೇ ಹೂಂ.

ಅನ್ನದೆ ಮತ್ತೇನು ಮಾಡಬೇಕಿತ್ತು? ಈ ಸೀಮೆಯಲ್ಲಿ ಯಾರಾದರೂ ಮಾತಾಡುವಾಗ ಎದುರಿಗಿದ್ದವರು ಹೂಂಗುಟ್ಟದಿದ್ದರೆ ಆಡುವವರು ಬಾಯಿ ಮುಚ್ಚಿಕೊಂಡು ಎದ್ದು ಹೋಗುತ್ತಾರೆ. ಸತ್ತ ಸುದ್ದಿಗೂ ಹೂಂ, ಕಳ್ಳತನವಾದ ಸುದ್ದಿಗೂ ಹೂಂ. ಅದು ಮರ್ಯಾದೆ. ಆ ಮರ್ಯಾದೆಯನ್ನೇ ಹಗ್ಗ ಮಾಡಿ ಊರ ಕೊರಳಿಗೆ ಬಿಗಿದಿದ್ದರು. ಸಾಹೇಬರ ಮಾತು ಮುಗಿಯಲಿ, ತಕರಾರು ಹೇಳೋಣ ಎಂದು ಬಸಲಿಂಗವ್ವ ಕಾದಿದ್ದಳು. ಮಾತು ಮುಗಿದದ್ದೇ ಅವರು ಚಹಾ ಕುಡಿದು ಜೀಪು ಹತ್ತಿದ್ದರು. ಬಡವರು ಸುಮ್ಮನಿದ್ದರೆ ಮೌನವೇ ಸಮ್ಮತಿ, ಬಾಯಿಬಿಟ್ಟರೆ ಅದೂ ಸಮ್ಮತಿ! ಇವರ ನ್ಯಾಯಕ್ಕಿಷ್ಟು ಬೆಂಕಿ ಹಾಕ.

ಊರಿಗೆ ಕುಡಿಯುವ ನೀರು ಬರುವುದು ಆ ಕೆರೆಯ ಪಕ್ಕದ ಬೋರಿನಿಂದ. ಕಲ್ಲಿನ ರಾಡಿ ಇಳಿದರೆ ನೀರಿನ ಗತಿ ಏನಾಗುತ್ತದೆಂದು ಇಳಕಲ್ಲಿನ ಸುತ್ತಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೆ ತನ್ನ ಬಾಯಿಂದಲೇ ಒಪ್ಪಿಗೆ ಹೋಯಿತಲ್ಲ ಎಂದು ಬಸಲಿಂಗವ್ವ ಅವತ್ತೇ ರಾತ್ರಿ ಓಣಿಯ ಮನೆಮನೆಯ ಬಾಗಿಲು ಬಡಿದಳು.

ಬೆಳಗಿನ ಬಸ್ಸಿಗೆ ಅಬೇದಾಳನ್ನೂ ಓಣಿಯ ಹೆಂಗಸರನ್ನೂ ಕಟ್ಟಿಕೊಂಡು ಸಾಹೇಬರ ಕಚೇರಿಗೆ ಹೋದಳು. ಮಧ್ಯಾಹ್ನದವರೆಗೆ ಹೊರಗೆ ಕೂರಿಸಿ ಆಮೇಲೆ ಒಳಗೆ ಕರೆದರು. ಬೇರೆ ಬೇರೆ ಊರಿನ ಮಂದಿ ಅಲ್ಲಿ ಕಿಕ್ಕಿರಿದಿದ್ದರು.

"ಯವ್ವಾ, ಈಗ ಬಂದು ಅತ್ತರ ಏನ್ ಬಂತು? ಸಭಾದಾಗ ನೀನ ಹೂಂ ಅಂದೀದಿ," ಎಂದರು ಸಾಹೇಬರು. ಅವರೂ ಇದೇ ಸೀಮೆಯವರು, ಬಾದಾಮಿ ಕಡೆಯವರು; ಮಾತು ಮೆತ್ತಗೆ.

"ನನ್ನ ಮಾತು ಅವತ್ತ ಕೇಳಲಿಲ್ಲ ನೀವು. ಇವತ್ತರ ಕೇಳ್ರಿ."

"ಹೇಳವಾ."

"ಆ ಕೆರಿ ನೀರ ಊರಿಗೆ ಆಸರ ರೀ."

"ಹೂಂ."

"ರಾಡಿ ಬಿದ್ರ ಬೋರು ಕೆಡ್ತೈತಿ."

"ಹೂಂ, ಮುಂದ?"

"ಅದಕ್ಕ ಆ ಅಪ್ಪಣಿ ಈಗಿಂದೀಗ ರದ್ದು ಮಾಡಬೇಕು."

"ಹೂಂ..."

"ಆತು ನಡೀರಬೇ!" ಬಸಲಿಂಗವ್ವ ಸೆರಗು ಕೊಡವಿ ಹೆಂಗಸರನ್ನು ಕರೆಯುತ್ತ ಬಾಗಿಲ ಕಡೆ ನಡೆದಳು. "ರದ್ದಾತು. ಸಾಹೇಬ್ರು ಹೂಂ ಅಂದ್ರು, ಇಷ್ಟು ಮಂದಿ ಕೇಳ್ಯಾರ."

ಯಾರೋ ಕಿಸಕ್ಕೆಂದರು. ಸಾಹೇಬರ ಮುಖ ಕೆಂಪಗಾಯಿತು.

"ಏ, ಏನ್ ಹಚ್ಚೀಯಬೇ? ಹೂಂ ಅಂದ್ರ ಒಪ್ಪಿದಂಗೇನು? ಕೇಳಾಕತ್ತೇನಿ ಅಂತ ಅಷ್ಟ ಅದರ ಅರ್ಥ!"

ತಾವೇನು ಅಂದೆವೆಂದು ಸಾಹೇಬರಿಗೆ ಹೊಳೆಯುವಷ್ಟರಲ್ಲಿ ಕಾಲ ಮಿಂಚಿತ್ತು. ಬಸಲಿಂಗವ್ವ ಬಾಗಿಲಿನಿಂದ ಮರಳಿ ಬಂದು, ಯಾರೂ ಕೂರೆನ್ನದಿದ್ದರೂ, ಅವರೆದುರಿನ ಕುರ್ಚಿಯಲ್ಲಿ ಕೂತಳು.

"ಈಗ ಅಂದ್ರಲ್ಲ, ಆ ಮಾತ ಬರೀರಿ ಸಾಹೇಬ್ರ. ಬರದು ಸಹಿ ಮಾಡ್ರಿ. ಅವತ್ತ ಸಭಾದಾಗ ಊರವರು ಬರೇ ಕೇಳ್ಯಾರ, ಒಪ್ಪಿಲ್ಲ ಅಂತ."